ಏರಿನಲ್ಲಿ ಹತ್ತುವುದು, ಇಳಿಜಾರಿನಲ್ಲಿ ನಿಲ್ಲುವುದು: ಒಂದು ಹೊಸ ಕಾರಿನ ಆಯ್ಕೆಯ ಪ್ರಕರಣ ಅಧ್ಯಯನ

ಈ ಪ್ರಕರಣವನ್ನು ಬರೆಯಲು ಕುಟುಂಬದವರು ಒಪ್ಪಿದ್ದಾರೆ. ಅವರ ಹೆಸರು, ಊರು, ಅವರು ನೋಡಿದ ಕಾರುಗಳ ಕಂಪನಿ ಮತ್ತು ಮಾದರಿ ಯಾವುದೂ ಹೊರಬೀಳಬಾರದು ಎಂಬುದು ಅವರು ಹಾಕಿದ ಷರತ್ತು. ನಾಲ್ಕೂ ಚಕ್ರಗಳಿಗೆ ಬಲ ಹೋಗುವ, ಅಂದರೆ ಆಲ್ ವೀಲ್ ಡ್ರೈವ್ ಇರುವ ಚಿಕ್ಕ ಕಾರು ಕೊಳ್ಳಲೇ ಎಂದು ಸಲಹೆ ಕೇಳಿಕೊಂಡು ನನ್ನ ಬಳಿ ಬರುವವರಲ್ಲಿ ಬಹುತೇಕರು ಆಗಲೇ ಮನಸ್ಸಿನಲ್ಲಿ ಒಂದು ಮಾದರಿಯನ್ನು ಗೊತ್ತುಮಾಡಿಕೊಂಡಿರುತ್ತಾರೆ. ಈ ಕುಟುಂಬ ಕೂಡ ಹಾಗೆಯೇ ಬಂದಿತ್ತು. ಆದರೆ ಲೆಕ್ಕ ಎದುರಿಗೆ ಬಂದಾಗ ತಮ್ಮ ತೀರ್ಮಾನವನ್ನು ತಿದ್ದಿಕೊಳ್ಳುವ ತಾಳ್ಮೆ ಅವರಿಗಿತ್ತು. ತಿದ್ದಿಕೊಂಡದ್ದು ಎಲ್ಲಿ, ಏಕೆ ಎಂಬುದನ್ನು ದಾಖಲಿಸುವುದು ಈ ಬರಹದ ಉದ್ದೇಶ.

ಹಿನ್ನೆಲೆ

ಮನೆಯಲ್ಲಿ ನಾಲ್ವರು: ದಂಪತಿ, ಶಾಲೆಗೆ ಹೋಗುವ ಮಗಳು, ಪತಿಯ ವಯಸ್ಸಾದ ತಾಯಿ. ಪತ್ನಿ ಆಸ್ಪತ್ರೆಯಲ್ಲಿ ಶುಶ್ರೂಷಕಿ. ಹವಾಮಾನ ಹೇಗೇ ಇರಲಿ, ಪಾಳಿಯ ಹೊತ್ತಿಗೆ ಆಕೆ ಅಲ್ಲಿರಲೇಬೇಕು. ಪತಿಯ ಕೆಲಸ ಮನೆಯಿಂದಲೇ ನಡೆಯುತ್ತದೆ.

ಮನೆ ಗುಡ್ಡದ ಮೇಲಿದೆ. ಡಾಂಬರು ರಸ್ತೆ ಗುಡ್ಡದ ಬುಡದಲ್ಲೇ ಮುಗಿಯುತ್ತದೆ. ಅಲ್ಲಿಂದ ಅಂಗಳದವರೆಗೆ 250 ಮೀಟರ್ ಉದ್ದದ, ಜೇಡಿಮಣ್ಣಿನ ಮೇಲೆ ಜಲ್ಲಿ ಚೆಲ್ಲಿದ ದಾರಿ. ಬುಡದಿಂದ ಅಂಗಳಕ್ಕೆ 28 ಮೀಟರ್ ಎತ್ತರ, ಎಂದರೆ ಸರಾಸರಿ ಶೇ 11ರ ಏರು. ಈ ಸರಾಸರಿಯನ್ನು ನಂಬಿ ಕಾರು ಕೊಳ್ಳುವಂತಿಲ್ಲ, ಏಕೆಂದರೆ ದಾರಿಯ ನಡುವಿನ ಒಂದು ತಿರುವಿನಲ್ಲಿ ಏರು ಶೇ 17ಕ್ಕೆ ಹೋಗುತ್ತದೆ. ಮಳೆ ಬಂದಾಗ ಅಲ್ಲಿ ಮಣ್ಣು ಜಾರುತ್ತದೆ. ಚಳಿಗಾಲದ ಕೆಲವು ವಾರ ಹಿಮ ಬಿದ್ದು, ಚಕ್ರಗಳ ಅಡಿಯಲ್ಲಿ ಒತ್ತಿಕೊಂಡು ಗಟ್ಟಿಯಾಗುತ್ತದೆ.

ಹಳೆಯ ಕಾರು ಮುಂಚಕ್ರ ಚಾಲನೆಯದು, ಅಂದರೆ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಅದರ ಆಯಸ್ಸು ಮುಗಿಯುತ್ತ ಬಂದಿತ್ತು. ಹೊಸದು ಆಲ್ ವೀಲ್ ಡ್ರೈವ್ ಆಗಿರಬೇಕು, ಚಿಕ್ಕದಾಗಿರಬೇಕು, ಇಂಧನ ಹೆಚ್ಚು ಕುಡಿಯಬಾರದು ಎಂಬುದು ಅವರ ಬೇಡಿಕೆ. ಏಕೆ ಆಲ್ ವೀಲ್ ಡ್ರೈವ್ ಎಂದು ಕೇಳಿದಾಗ ಪತಿ ಕೊಟ್ಟ ಉತ್ತರ ಒಂದೇ ಪದದ್ದು: ಸುರಕ್ಷತೆ. ಪ್ರಕರಣದ ಗಂಟು ಇದ್ದದ್ದು ಆ ಉತ್ತರದಲ್ಲೇ.

ಸಮಸ್ಯೆ ನಿಜವಾಗಿ ಏನಿತ್ತು

ಯಾವ ಮಾದರಿಯ ಬಗ್ಗೆಯೂ ಮಾತನಾಡುವ ಮೊದಲು, ಹಳೆಯ ಕಾರು ಎಲ್ಲೆಲ್ಲಿ ಕೈಕೊಟ್ಟಿತು ಎಂಬುದನ್ನು ಇಬ್ಬರೂ ಪ್ರತ್ಯೇಕವಾಗಿ ಬರೆದು ತರಬೇಕೆಂದು ನಾನು ಕೇಳಿದೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಚಿತ್ರ ಸ್ಪಷ್ಟವಾಯಿತು. ಕಾರು ಹತ್ತಲಾರದೆ ನಿಂತ ಬಹುತೇಕ ಸಂದರ್ಭಗಳಲ್ಲಿ ಜಾಗ ಅದೇ ತಿರುವು; ಕಾರಿನಲ್ಲಿ ನಾಲ್ವರೂ ಇದ್ದರು, ಹಿಂದೆ ಸಾಮಾನಿತ್ತು, ಅಥವಾ ಎದುರಿನಿಂದ ಬಂದ ವಾಹನಕ್ಕಾಗಿ ಅರ್ಧ ಏರಿನಲ್ಲಿ ನಿಲ್ಲಿಸಬೇಕಾಗಿತ್ತು. ಪತ್ನಿ ಒಬ್ಬರೇ ಇದ್ದಾಗ ಕಾರು ಹೆಚ್ಚಾಗಿ ಹತ್ತಿತ್ತು.

ಆಕೆಯ ಪಟ್ಟಿಯಲ್ಲಿ ಮಾತ್ರ ಇನ್ನೊಂದು ಘಟನೆ ಇತ್ತು. ಒಂದು ಬೆಳಗ್ಗೆ ಕೆಲಸಕ್ಕೆ ಹೊರಟು ಇಳಿಯುವಾಗ ಬ್ರೇಕ್ ಒತ್ತಿದರೂ ಕಾರು ನಿಲ್ಲದೆ ಜಾರಿ, ತಿರುವಿನ ಬೇಲಿಗೆ ತಾಗಿ ನಿಂತಿತ್ತು. ಆಕೆಗೆ ಗಾಯವಾಗಿರಲಿಲ್ಲ. ಆಲ್ ವೀಲ್ ಡ್ರೈವ್ ಬೇಕೆಂಬ ಆಸೆ ಮನೆಯಲ್ಲಿ ಹುಟ್ಟಿದ್ದು ಆ ದಿನ. ಅಂದರೆ ಇಳಿಯುವಾಗಿನ ಹೆದರಿಕೆಗೆ ಅವರು ಹತ್ತುವಾಗಿನ ಔಷಧ ಕೊಳ್ಳಲು ಹೊರಟಿದ್ದರು.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ಗೊಂದಲ ಬಹಳ ಮನೆಗಳಲ್ಲಿದೆ. ಎಂಜಿನ್ ತಳ್ಳುವಾಗ ಆ ತಳ್ಳನ್ನು ಎರಡು ಚಕ್ರ ನೆಲಕ್ಕೆ ದಾಟಿಸುತ್ತವೆಯೋ ನಾಲ್ಕೋ ಎಂಬುದು ಆಲ್ ವೀಲ್ ಡ್ರೈವ್‌ನ ವಿಷಯ. ಬ್ರೇಕ್ ಹಾಗಲ್ಲ, ಅದು ಇಂದಿನ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೂ ಇದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಲ್ಲದಂತೆ ತಡೆಯುವ ವ್ಯವಸ್ಥೆ) ಮತ್ತು ಸ್ಥಿರತೆಯ ನಿಯಂತ್ರಣ ವ್ಯವಸ್ಥೆ, ಇರುವ ಹಿಡಿತವನ್ನು ಜಾಣತನದಿಂದ ಬಳಸುತ್ತವೆ, ಇಲ್ಲದ ಹಿಡಿತವನ್ನು ಸೃಷ್ಟಿಸುವುದಿಲ್ಲ. ನಿಲ್ಲಿಸುವಾಗ ಲೆಕ್ಕಕ್ಕೆ ಬರುವುದು ಟೈರಿನ ರಬ್ಬರು ಮತ್ತು ಕೆಳಗಿನ ನೆಲ.

ಲೆಕ್ಕ

ಅವರ ದಾರಿಗೆ ಒಂದು ಸರಳ ಲೆಕ್ಕ ಹಾಕಿದೆವು. ಗಟ್ಟಿಯಾದ ಹಿಮದ ಮೇಲೆ ಬೇಸಿಗೆಯ (ಮಾಮೂಲಿ) ಟೈರಿನ ಘರ್ಷಣಾ ಗುಣಾಂಕವನ್ನು, ಅಂದರೆ ಟೈರು ನೆಲವನ್ನು ಎಷ್ಟು ಹಿಡಿಯುತ್ತದೆ ಎಂಬ ಅಳತೆಯನ್ನು, 0.2 ಎಂದೂ ಹಿಮಕ್ಕೆಂದೇ ಮಾಡಿದ ಒಳ್ಳೆಯ ಚಳಿಗಾಲದ ಟೈರಿನದನ್ನು 0.3 ಎಂದೂ ಹಿಡಿದೆವು. ಒಣ ಡಾಂಬರಿನ ಮೇಲೆ ಇದು 0.8ರ ಆಸುಪಾಸಿನಲ್ಲಿರುತ್ತದೆ.

ಮುಂಚಕ್ರ ಚಾಲನೆಯ ಚಿಕ್ಕ ಕಾರು ಖಾಲಿಯಿದ್ದಾಗ ಅದರ ತೂಕದಲ್ಲಿ ಸುಮಾರು ಶೇ 60 ಭಾಗ ಮುಂದಿನ ಚಕ್ರಗಳ ಮೇಲಿರುತ್ತದೆ. ಶೇ 17ರ ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಅದು ಶೇ 56ಕ್ಕೆ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ಕುಳಿತು ಸಾಮಾನೂ ಸೇರಿದರೆ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಎಳೆಯುವ ಚಕ್ರಗಳ ಮೇಲಿನ ತೂಕದ ಪಾಲನ್ನು ಘರ್ಷಣಾ ಗುಣಾಂಕದಿಂದ ಗುಣಿಸಿದರೆ ಕಾರು ಹತ್ತಬಲ್ಲ ಏರಿನ ಮಿತಿ ಸಿಗುತ್ತದೆ. ಬೇಸಿಗೆ ಟೈರಿನ ಮುಂಚಕ್ರ ಚಾಲನೆಯ ಕಾರಿಗೆ ಅದು ಖಾಲಿಯಿದ್ದಾಗ ಶೇ 11. ಚಳಿಗಾಲದ ಟೈರು ಹಾಕಿದರೆ ಶೇ 17ಕ್ಕೆ ಅಂಚಿನಲ್ಲಿ ಮುಟ್ಟುತ್ತದೆ. ನಾಲ್ವರು ಕುಳಿತರೆ ಶೇ 15ಕ್ಕೂ ಕಡಿಮೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ತೂಕ ಎತ್ತ ಸರಿದರೂ ವ್ಯತ್ಯಾಸವಿಲ್ಲ, ಪೂರ್ತಿ ತೂಕ ಕೆಲಸಕ್ಕೆ ಬರುತ್ತದೆ: ಬೇಸಿಗೆ ಟೈರಿನಲ್ಲೂ ಶೇ 20, ಚಳಿಗಾಲದ ಟೈರಿನಲ್ಲಿ ಶೇ 30.

ಇಲ್ಲಿಯವರೆಗೆ ಪತಿಯ ಮುಖದಲ್ಲಿ ಸಮಾಧಾನವಿತ್ತು. ಬಳಿಕ ಅದೇ ತಿರುವಿನಲ್ಲಿ ಇಳಿಯುವ ಲೆಕ್ಕ ಹಾಕಿದೆವು. ಗಂಟೆಗೆ 30 ಕಿಲೊಮೀಟರ್ ವೇಗದಲ್ಲಿ ಇಳಿಯುತ್ತಿರುವ ಕಾರನ್ನು ನಿಲ್ಲಿಸಬೇಕು. ಬೇಸಿಗೆ ಟೈರಿನ ಹಿಡಿತದ ಬಹುಪಾಲು ಕಾರು ಕೆಳಗೆ ಜಾರದಂತೆ ತಡೆಯುವುದರಲ್ಲೇ ಮುಗಿದುಹೋಗುತ್ತದೆ. ವೇಗ ತಗ್ಗಿಸಲು ಉಳಿಯುವುದು ಚೂರು. ಹಾಗಾಗಿ ನಿಲ್ಲಲು ಸುಮಾರು 120 ಮೀಟರ್ ಬೇಕು. ಚಳಿಗಾಲದ ಟೈರಿಗೆ 30 ಮೀಟರ್‌ಗಿಂತ ಕಡಿಮೆ ಸಾಕು. ಎರಡು ಚಕ್ರ ಚಾಲನೆಗೂ ನಾಲ್ಕು ಚಕ್ರ ಚಾಲನೆಗೂ ಈ ಅಂಕಿಗಳಲ್ಲಿ ವ್ಯತ್ಯಾಸವೇ ಇಲ್ಲ.

ಕಾಗದದ ಮೇಲೆ 120 ಎಂಬ ಅಂಕಿ ಬಿದ್ದಾಗ ಪತ್ನಿ ಬಹಳ ಹೊತ್ತು ಅದನ್ನೇ ನೋಡಿದರು. "ಹಾಗಾದರೆ ಬೇಸಿಗೆ ಟೈರಿನಲ್ಲಿ ಈ ಹೊಸ ಕಾರು ನನ್ನನ್ನು ಮೇಲೆ ಹತ್ತಿಸುತ್ತದೆ, ಆದರೆ ಅಲ್ಲಿಂದ ಕೆಳಗಿಳಿಸಲಾರದು" ಎಂದರು. ಇಷ್ಟು ಚೆನ್ನಾಗಿ ನನಗೂ ಹೇಳಲಾಗುತ್ತಿರಲಿಲ್ಲ. ಪ್ರಕರಣ ದಿಕ್ಕು ಬದಲಿಸಿದ ಮೊದಲ ತಿರುವು ಇದು. ಆ ದಿನದಿಂದ ಟೈರು ಖರೀದಿಯ ಪಟ್ಟಿಯಲ್ಲಿ ಮೊದಲ ಸಾಲಿಗೆ ಬಂತು. ಆಲ್ ವೀಲ್ ಡ್ರೈವ್ ಬೇಕೇ ಬೇಡವೇ ಎಂಬುದು ಮರುಪರಿಶೀಲನೆಗೆ ಹೋಯಿತು.

ಏನೇನು ಪ್ರಯತ್ನಿಸಿದರು

ಹಳೆಯ ಕಾರಿಗೇ ಹೊಸ ಚಳಿಗಾಲದ ಟೈರು ಹಾಕಿಸಿ ನೋಡುವುದು ಮೊದಲ ಪ್ರಯೋಗ. ಆಲ್ ವೀಲ್ ಡ್ರೈವ್ ಇಲ್ಲದೆಯೇ ಕೆಲಸ ಆಗುವುದಾದರೆ ಐವತ್ತರಿಂದ ನೂರು ಕಿಲೊ ಹೆಚ್ಚುವರಿ ತೂಕ, ಅದರಿಂದಾಗುವ ಇಂಧನದ ಖರ್ಚು, ಹೆಚ್ಚಿನ ನಿರ್ವಹಣೆ ಎಲ್ಲವೂ ಉಳಿಯುತ್ತವೆ. ಮುಂದಿನ ಎರಡಕ್ಕೆ ಮಾತ್ರ ಒಳ್ಳೆಯ ಟೈರು ಹಾಕಿಸಿದರೆ ಸಾಲದೇ ಎಂದು ಬಂಧುವೊಬ್ಬರು ಸೂಚಿಸಿದರು. ಈ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬಾರದು. ಮುಂದೆ ಹಿಡಿತ, ಹಿಂದೆ ಜಾರು ಎಂದಾದರೆ ಇಳಿಜಾರಿನ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಳಿಕೊಂಡು ಮುಂದಕ್ಕೆ ಬರುತ್ತದೆ. ನಾಲ್ಕೂ ಟೈರು ಬದಲಾದವು. ಕೊಳ್ಳುವಾಗ ಮೂರು ಶಿಖರಗಳ ಪರ್ವತ ಮತ್ತು ಹಿಮದ ಹರಳಿನ ಗುರುತನ್ನು ನೋಡಿಯೇ ಆರಿಸಿದರು. ಹಿಮದ ಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಆ ಗುರುತು ಸಿಗುತ್ತದೆ. ಬರೀ ಎಂ ಮತ್ತು ಎಸ್ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಕ್ಷರಗಳು ತಯಾರಕರ ಘೋಷಣೆ ಮಾತ್ರ.

ಇಳಿಯುವ ಭಯ ಬಹುಮಟ್ಟಿಗೆ ಹೋಯಿತು. ಪತ್ನಿ ಒಬ್ಬರೇ ಇದ್ದಾಗ ಕಾರು ತಿರುವನ್ನು ದಾಟಿತು. ನಾಲ್ವರೂ ಕುಳಿತು, ಏರಿನ ನಡುವೆ ನಿಲ್ಲಿಸಿ ಹೊರಡಿಸಿದಾಗ ಮುಂದಿನ ಚಕ್ರಗಳು ಸುತ್ತಿದವೇ ಹೊರತು ಕಾರು ಅಲುಗಲಿಲ್ಲ. ಲೆಕ್ಕ ಹೇಳಿದ್ದೂ ಅದನ್ನೇ. ಅತ್ತೆಯನ್ನು ವೈದ್ಯರ ಬಳಿಗೆ ಕರೆದೊಯ್ದು ಕರೆತರುವುದು ಈ ಮನೆಗೆ ಅಪರೂಪದ ಸಂಗತಿಯಲ್ಲ. ಆದ್ದರಿಂದ ತುಂಬಿದ ಕಾರು ಹತ್ತಲೇಬೇಕಿತ್ತು. ಆಲ್ ವೀಲ್ ಡ್ರೈವ್ ಮತ್ತೆ ಪಟ್ಟಿಗೆ ಬಂತು, ಈ ಸಲ ಸರಿಯಾದ ಕಾರಣದೊಂದಿಗೆ.

ಬಳಿಕ ಮಾದರಿಗಳ ಸರದಿ. ಕಾರಿನ ಬೆನ್ನಿಗೆ ಅಂಟಿಸಿದ ಬಿಲ್ಲೆ ಒಂದೇ ಆದರೂ ಒಳಗಿನ ಯಂತ್ರ ಬೇರೆ ಬೇರೆ ಎಂಬುದನ್ನು ಅವರು ಇಲ್ಲಿ ಕಲಿತರು. ಚಿಕ್ಕ ಕಾರಿಗೆ ನಾಲ್ಕು ಚಕ್ರದ ಬಲ ಕೊಡುವುದು ಹೊಸ ವಿದ್ಯೆಯೇನಲ್ಲ. ಸುಬಾರು ಕಂಪನಿ 1972ರಲ್ಲೇ ಲಿಯೋನ್ ಕಾರಿನಲ್ಲಿ ಅದನ್ನು ತಂದಿತ್ತು. 1980ರಲ್ಲಿ ಆಡಿ ಕ್ವಾಟ್ರೊ ಬಂತು, 1983ರಲ್ಲಿ ಪುಟ್ಟ ಫಿಯೆಟ್ ಪಾಂಡಾಗೂ ನಾಲ್ಕು ಚಕ್ರ ಚಾಲನೆ ಬಂತು. ಇಂದು ಎಂಜಿನ್ ಅಡ್ಡಡ್ಡ ಕೂರಿಸಿದ ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಒಂದು ಉದ್ದನೆಯ ಶಾಫ್ಟ್ ಹೋಗುತ್ತದೆ. ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಬಳಿ, ಶಾಫ್ಟನ್ನು ಅದಕ್ಕೆ ಜೋಡಿಸುವ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಫಲಕಗಳ ಕಪ್ಲಿಂಗ್ ಇರುತ್ತದೆ. ಸಾಮಾನ್ಯ ಓಟದಲ್ಲಿ ಅದು ಸಡಿಲ, ಅಗತ್ಯ ಬಿದ್ದಾಗ ಬಿಗಿ. ಕೆಲವು ಹೈಬ್ರಿಡ್ ಕಾರುಗಳಲ್ಲಿ ಶಾಫ್ಟೇ ಇರುವುದಿಲ್ಲ. ಹಿಂದಿನ ಚಕ್ರಗಳಿಗೆ ಪ್ರತ್ಯೇಕ ವಿದ್ಯುತ್ ಮೋಟಾರು ಇರುತ್ತದೆ. ಆ ಮೋಟಾರು ಎಷ್ಟು ದೊಡ್ಡದು ಎಂಬುದು ಮುಖ್ಯ. ಟೊಯೊಟಾ ಪ್ರಿಯಸ್‌ನ ಹಿಂದಿನ ತಲೆಮಾರಿನಲ್ಲಿ ಅದು 5.3 ಕಿಲೊವಾಟ್‌ನದಾಗಿತ್ತು, ನಂತರದ ತಲೆಮಾರಿನಲ್ಲಿ 30 ಕಿಲೊವಾಟ್‌ಗೆ ಏರಿತು. ಎರಡರ ಮೇಲೂ ಬಿಲ್ಲೆಯ ಅರ್ಥ ಒಂದೇ.

ಕುಟುಂಬ ಮೂರು ಕಾರುಗಳನ್ನು ಕೊನೆಯ ಸುತ್ತಿಗೆ ಉಳಿಸಿಕೊಂಡಿತು. ಮೊದಲನೆಯದು ಕಪ್ಲಿಂಗ್ ಇರುವ ತಗ್ಗಿನ ಹ್ಯಾಚ್‌ಬ್ಯಾಕ್. ಎರಡನೆಯದು ಹಿಂದೆ ಸಣ್ಣ ಮೋಟಾರು ಇರುವ ಹೈಬ್ರಿಡ್. ಮೂರನೆಯದು ನೆಲದಿಂದ ಎತ್ತರಕ್ಕಿರುವ, ಸದಾ ನಾಲ್ಕೂ ಚಕ್ರ ಎಳೆಯುವ ಕಾರು.

ಮಾರಾಟಗಾರರು ತೋರಿಸಿದ್ದು ಸಮತಟ್ಟಾದ ಹೆದ್ದಾರಿಯ ಓಟ. ಅಲ್ಲಿ ಮೂರೂ ಚೆನ್ನಾಗಿಯೇ ಓಡುತ್ತವೆ. ಪತ್ನಿ ಅದಕ್ಕೆ ಒಪ್ಪದೆ, ತಮ್ಮ ಮನೆಯ ಏರಿನಲ್ಲೇ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡೇ ಪರೀಕ್ಷಿಸುತ್ತೇವೆ ಎಂದು ಪಟ್ಟು ಹಿಡಿದರು. ಒಬ್ಬರು ಮುಖ ಸಿಂಡರಿಸಿದರೂ ಕೊನೆಗೆ ಮೂವರೂ ಕಾರು ತಂದರು. ಈ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಹಟ ಅದು. ಮಳೆ ಬಿದ್ದು ಜೇಡಿ ನೆನೆದಿದ್ದ ದಿನಗಳಲ್ಲಿ ಪರೀಕ್ಷೆ ನಡೆಯಿತು. ತಿರುವಿನಲ್ಲಿ ನಿಲ್ಲಿಸಬೇಕು, ಒಂದು ಚಕ್ರ ಕೊರಕಲಿನಲ್ಲಿರಬೇಕು, ಅಲ್ಲಿಂದ ಹೊರಡಬೇಕು.

ಹ್ಯಾಚ್‌ಬ್ಯಾಕಿನ ಮುಂದಿನ ಚಕ್ರಗಳು ಅರ್ಧ ಸುತ್ತು ಜಾರಿದವು, ಆಮೇಲೆ ಹಿಂದಿನಿಂದ ಯಾರೋ ನೂಕಿದಂತೆ ಕಾರು ಹೊರಟಿತು. ಹೈಬ್ರಿಡ್ ನಿಂತಲ್ಲಿಂದ ಸದ್ದಿಲ್ಲದೆ ಹೊರಟಿತು, ಪತಿಗೆ ಬಹಳ ಮೆಚ್ಚುಗೆಯಾಯಿತು; ಆದರೆ ವೇಗ ಸ್ವಲ್ಪ ಏರುತ್ತಿದ್ದಂತೆ ಹಿಂದಿನ ತಳ್ಳು ಕುಗ್ಗಿ, ಮುಂದಿನ ಚಕ್ರಗಳು ಜಾರತೊಡಗಿ, ತಿರುವು ಮುಗಿಯುವ ಮೊದಲೇ ಕಾರು ಏದುಸಿರು ಬಿಟ್ಟಿತು. ಸಣ್ಣ ಮೋಟಾರಿನ ಶಕ್ತಿಗೆ ಮಿತಿಯಿದೆ. ವೇಗ ಹೆಚ್ಚಿದಷ್ಟೂ ಅದೇ ಶಕ್ತಿಯಿಂದ ಸಿಗುವ ತಳ್ಳು ಕಡಿಮೆ. ಸಮತಟ್ಟಾದ ಹಿಮದ ರಸ್ತೆಯವರಿಗೆ ಆ ಕಾರು ಧಾರಾಳವಾಗಿ ಸಾಕು, ಈ ಏರಿಗೆ ಸಾಲದು. ಮೂರನೆಯದು ಏನೂ ಆಗದಂತೆ ಹತ್ತಿತು.

ಎರಡನೆಯ ತಿರುವು

ಮೂರನೆಯ ಕಾರನ್ನೇ ಕೊಳ್ಳೋಣ ಎಂದು ಮನೆಯವರೆಲ್ಲ ಒಪ್ಪಿದರು. ಅದರ ಪರವಾಗಿದ್ದ ದೊಡ್ಡ ಕಾರಣ ನೆಲದಿಂದ ಇರುವ ಎತ್ತರ. ದಾರಿಯ ಎರಡು ಕೊರಕಲುಗಳ ನಡುವೆ ಒಂದು ದಿಬ್ಬವಿದ್ದು, ನಾಲ್ವರು ಕುಳಿತಾಗ ಹ್ಯಾಚ್‌ಬ್ಯಾಕಿನ ಹೊಟ್ಟೆ ಅದಕ್ಕೆ ಉಜ್ಜಿತ್ತು. ಎಳೆಯುವ ಚಕ್ರ ಎಷ್ಟೇ ಇರಲಿ, ಹೊಟ್ಟೆ ನೆಲಕ್ಕೆ ಕೂತರೆ ಕಾರು ಅಲ್ಲೇ. ಸುಬಾರುವಿನ ಇಂಪ್ರೆಝಾ ಮತ್ತು ಕ್ರಾಸ್‌ಟ್ರೆಕ್ ಒಂದೇ ಬುನಾದಿಯ ಕಾರುಗಳು. ಆದರೂ ಒಂದು ನೆಲದಿಂದ ಸುಮಾರು 130 ಮಿಲಿಮೀಟರ್ ಎತ್ತರದಲ್ಲಿದ್ದರೆ ಇನ್ನೊಂದು 220 ಮಿಲಿಮೀಟರ್. ಒರಟು ದಾರಿಯಲ್ಲಿ ಅವೆರಡೂ ಬೇರೆ ಬೇರೆ ಕಾರುಗಳೇ.

ಅಜ್ಜಿಗೆ ಮಾತ್ರ ಎತ್ತರದ ಕಾರು ಹತ್ತಿ ಇಳಿಯುವುದು ಕಷ್ಟವಾಯಿತು. ಅದು ಹೆಚ್ಚು ಇಂಧನವನ್ನೂ ಕೇಳುತ್ತಿತ್ತು. ಆಗ ಅಜ್ಜಿಯೇ, "ಆ ದಿಬ್ಬವನ್ನು ಅಗೆದು ತೆಗೆದರೆ ಆಗದೇ?" ಎಂದು ಕೇಳಿದರು. ಇಷ್ಟು ದಿನ ಎಲ್ಲರೂ ದಾರಿಯನ್ನು ಬದಲಾಗದ ಸಂಗತಿ ಎಂದು ಹಿಡಿದು ಕಾರನ್ನು ಹುಡುಕುತ್ತಿದ್ದರು. ದಾರಿ ಅವರದೇ ಜಮೀನಿನಲ್ಲಿತ್ತು. ದಿಬ್ಬವನ್ನು ಕಡಿದು, ಕೊರಕಲು ತುಂಬಿ, ನೀರು ದಾರಿಯ ಮೇಲೆ ಹರಿಯದಂತೆ ಪಕ್ಕದಲ್ಲಿ ಚರಂಡಿ ತೆಗೆದು, ತಿರುವಿಗೆ ಒರಟು ಜಲ್ಲಿ ಹಾಕಿಸಿದರು. ಇದಕ್ಕಾದ ವೆಚ್ಚ ಎರಡು ಕಾರುಗಳ ಬೆಲೆಯ ಅಂತರಕ್ಕಿಂತ ಬಹಳ ಕಡಿಮೆ. ಹ್ಯಾಚ್‌ಬ್ಯಾಕ್ ಉಜ್ಜದೆ ಹತ್ತಿತು, ಆಯ್ಕೆ ಅದರ ಕಡೆ ತಿರುಗಿತು.

ಹಾಗಾದರೆ ಮುಂಚಕ್ರ ಚಾಲನೆಯೇ ಸಾಕಲ್ಲವೇ ಎಂದು ಪತಿ ಮತ್ತೆ ಕೇಳಿದ್ದು ನ್ಯಾಯವಾಗಿತ್ತು. ಜೇಡಿಯ ಮಟ್ಟಿಗೆ ಹೌದು. ಹಿಮ ಬಿದ್ದಾಗ ಜಲ್ಲಿ ಮುಚ್ಚಿಹೋಗುತ್ತದೆ, ಶೇ 17 ಹಾಗೆಯೇ ಉಳಿಯುತ್ತದೆ. ಆಲ್ ವೀಲ್ ಡ್ರೈವ್ ಉಳಿಯಿತು.

ಕೊನೆಯ ಜಗ್ಗಾಟ ಚಕ್ರದ ಅಳತೆಯದು. ಪತಿಗೆ 18 ಅಂಗುಲದ ಚಕ್ರಗಳ, ಗಾಜಿನ ಛಾವಣಿಯ ಮೇಲ್ದರ್ಜೆಯ ಆವೃತ್ತಿ ಇಷ್ಟವಾಗಿತ್ತು. ಕೆಳದರ್ಜೆಯದಕ್ಕೆ 16 ಅಂಗುಲದ ಚಕ್ರ. ಚಿಕ್ಕ ಚಕ್ರದ ಟೈರಿಗೆ ಪಕ್ಕದ ಗೋಡೆ ಎತ್ತರ. ಕಲ್ಲಿನ ಪೆಟ್ಟನ್ನು ಅದು ಹೆಚ್ಚು ತಾಳುತ್ತದೆ, ಬೆಲೆಯೂ ಕಡಿಮೆ. ಎರಡು ಆವೃತ್ತಿಗಳ ನಡುವಿನ ಹಣದಲ್ಲಿ ಚಳಿಗಾಲದ ಟೈರು ಹಾಕಿದ ಇನ್ನೂ ನಾಲ್ಕು ಚಕ್ರಗಳ ಪೂರ್ತಿ ಸೆಟ್ ಬರುತ್ತಿತ್ತು. ಪತಿ ಒಪ್ಪಿದರು, ಸಂತೋಷದಿಂದಲ್ಲ. ಈ ಕಾರಿನ ಆಲ್ ವೀಲ್ ಡ್ರೈವ್ ಆವೃತ್ತಿಯಲ್ಲಿ ಹಿಂದಿನ ಡಿಫರೆನ್ಷಿಯಲ್ಲಿಗೆ ಜಾಗ ಬೇಕಾಗಿ ಸ್ಟೆಪ್ನಿಯ ಗುಂಡಿ ಮಾಯವಾಗಿದ್ದು, ಸಾಮಾನಿನ ಜಾಗವೂ ಕಿರಿದಾಗಿತ್ತು. ಮಾಹಿತಿಪತ್ರದ ದಪ್ಪಕ್ಷರಗಳಲ್ಲಿ ಇದು ಇರುವುದಿಲ್ಲ. ಹಿಂಬಾಗಿಲು ತೆರೆದು, ನೆಲಹಾಸು ಎತ್ತಿ ನೋಡಬೇಕು.

ಏನಾಯಿತು

ಮೊದಲ ಚಳಿಗಾಲದಲ್ಲಿ ಹಿಮದ ಮೇಲೆ ಕಾರು ತುಂಬಿದ ಭಾರದೊಂದಿಗೂ ಹತ್ತಿತು, ಇಳಿಯಿತು. ಒಂದು ಸಂಜೆ ಮಾತ್ರ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ, ತಿರುವಿನ ಮೇಲೆ ಗಾಜಿನಂಥ ಪದರ ಮೂಡಿತ್ತು. ಅಂಥ ಮಂಜುಗಡ್ಡೆಯಲ್ಲಿ ಘರ್ಷಣಾ ಗುಣಾಂಕ 0.1ಕ್ಕೂ ಕೆಳಗಿಳಿಯಬಹುದು, ಆಗ ನಾಲ್ಕು ಚಕ್ರದ ಕಾರಿಗೂ ಶೇ 10ರ ಏರು ದಕ್ಕುವುದಿಲ್ಲ. ಪದರ ಕಂಡರೆ ಕಾರನ್ನು ಗುಡ್ಡದ ಬುಡದಲ್ಲೇ ಬಿಡಬೇಕು ಎಂದು ಖರೀದಿಗೆ ಮೊದಲೇ ಮಾತಾಗಿತ್ತು. ಪತ್ನಿ ಹಾಗೆಯೇ ಬಿಟ್ಟು ನಡೆದು ಮನೆ ಸೇರಿದರು. ಇದನ್ನು ಕಾರಿನ ಸೋಲೆಂದು ಪರಿಗಣಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ, ಅದು ನನಗೆ ಬಹಳ ಸಮಾಧಾನ ತಂದ ವಿಷಯ. ನಾಲ್ಕು ಚಕ್ರದ ಕಾರು ಸುಲಭವಾಗಿ ಹೊರಡುವುದರಿಂದಲೇ ನೆಲ ಎಷ್ಟು ಜಾರುತ್ತಿದೆ ಎಂಬ ಸುಳಿವು ಚಾಲಕರಿಗೆ ತಡವಾಗಿ ಸಿಗುತ್ತದೆ. ಹಿಂದೆ ಜಾರುವ ಮುಂಚಕ್ರಗಳು ಕೊಡುತ್ತಿದ್ದ ಎಚ್ಚರಿಕೆ ಇಲ್ಲಿಲ್ಲ. ಇಳಿಯುವ ಮೊದಲು ಸಮತಟ್ಟಾದ ಅಂಗಳದಲ್ಲೇ ಒಮ್ಮೆ ಬ್ರೇಕ್ ಒತ್ತಿ ಹಿಡಿತವನ್ನು ಅಳೆಯುವ ಅಭ್ಯಾಸವನ್ನು ಆಕೆ ಬೆಳೆಸಿಕೊಂಡಿದ್ದಾರೆ.

ಎರಡನೆಯ ವರ್ಷ ಚೂಪು ಕಲ್ಲು ತಾಗಿ ಒಂದು ಟೈರು ಸರಿಪಡಿಸಲಾಗದಂತೆ ಸೀಳಿತು. ಹೊಸ ಟೈರಿನ ಅಚ್ಚಿನ (ಮೇಲ್ಮೈಯ ಗೀರುಗಳ) ಆಳ 8 ಮಿಲಿಮೀಟರ್, ಉಳಿದ ಮೂರರದು 5ಕ್ಕೆ ಸವೆದಿತ್ತು. ಆಳದಲ್ಲಿ 3 ಮಿಲಿಮೀಟರ್ ವ್ಯತ್ಯಾಸವೆಂದರೆ ಸುತ್ತಳತೆಯಲ್ಲಿ ಸುಮಾರು 19 ಮಿಲಿಮೀಟರ್. ಮುಂದಿನ ಮತ್ತು ಹಿಂದಿನ ಚಕ್ರಗಳು ಸದಾ ಬೇರೆ ಬೇರೆ ವೇಗದಲ್ಲಿ ಸುತ್ತಿದರೆ ನಡುವಿನ ಕಪ್ಲಿಂಗ್ ವಿರಾಮವಿಲ್ಲದೆ ತೇಯುತ್ತದೆ. ಸುಬಾರು ಕಂಪನಿ ತನ್ನ ಕಾರುಗಳಿಗೆ ಸುತ್ತಳತೆಯ ವ್ಯತ್ಯಾಸ ಕಾಲು ಅಂಗುಲ, ಅಂದರೆ ಸುಮಾರು 6 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ಇವರ ಕಾರಿನ ಕೈಪಿಡಿಯೂ ಇಷ್ಟು ಅಂತರವನ್ನು ಒಪ್ಪುತ್ತಿರಲಿಲ್ಲ. ನಾಲ್ಕೂ ಟೈರು ಕೊಳ್ಳಬೇಕಾಯಿತು. ಖರ್ಚಿನ ಪಟ್ಟಿಯಲ್ಲಿ ಈ ಸಾಧ್ಯತೆಗೆ ಒಂದು ಸಾಲು ಇತ್ತು. ಆಗ ಪತಿ ಅದನ್ನು ಅತಿ ಎಚ್ಚರ ಎಂದಿದ್ದರು. ಆಲ್ ವೀಲ್ ಡ್ರೈವ್ ಕೊಳ್ಳುವವರು ಟೈರನ್ನು ಒಂದೊಂದಾಗಿ ಲೆಕ್ಕ ಹಾಕದೆ ನಾಲ್ಕರ ಗುಂಪಾಗಿಯೇ ಲೆಕ್ಕ ಹಾಕಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಇನ್ನೂ ಒಂದು ಎಚ್ಚರ ಆ ದಿನವೇ ಬೇಕಾಯಿತು. ಬಂದ ಎಳೆವಾಹನದವರು ಮುಂದಿನ ಚಕ್ರಗಳನ್ನಷ್ಟೇ ಎತ್ತಿ, ಹಿಂದಿನವು ರಸ್ತೆಯಲ್ಲಿ ಉರುಳುವಂತೆ ಎಳೆದೊಯ್ಯಲು ಸಿದ್ಧರಾದರು. ಹಾಗೆ ಮಾಡಿದರೆ ಕಪ್ಲಿಂಗ್ ಮತ್ತು ಗೇರ್‌ಬಾಕ್ಸ್ ಹಾಳಾಗಬಹುದು. ಪತ್ನಿ ಕೈಪಿಡಿಯ ಪುಟ ತೋರಿಸಿ, ನಾಲ್ಕೂ ಚಕ್ರ ನೆಲ ಬಿಟ್ಟು ಮೇಲೆ ಕೂರುವ ಚಪ್ಪಟೆ ಹಾಸಿನ ವಾಹನವನ್ನೇ ತರಿಸಿದರು.

ಈಗ ಅವರು ಪ್ರತಿ 10,000 ಕಿಲೊಮೀಟರಿಗೆ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿಸುತ್ತಾರೆ. ಅಚ್ಚಿನ ಆಳವನ್ನು ಅಳೆದು ಬರೆದಿಡುವ ಕೆಲಸ ಮಗಳದು. ಕಪ್ಲಿಂಗಿನ ಎಣ್ಣೆ ಎಂಜಿನ್ ಎಣ್ಣೆಯಿಂದ ಬೇರೆಯದು, ಅದರ ಅವಧಿಯೂ ಬೇರೆ. ಸರ್ವಿಸ್‌ಗೆ ಬಿಡುವಾಗ ಪತಿ ಅದನ್ನು ಹೆಸರಿಸಿ ಕೇಳುತ್ತಾರೆ, ಬದಲಿಸಿದ ದಿನಾಂಕವನ್ನು ಸರ್ವಿಸ್ ಪುಸ್ತಕದಲ್ಲಿ ಬರೆಸಿಕೊಂಡೇ ಕಾರನ್ನು ಹೊರತರುತ್ತಾರೆ.